ಶಸ್ತ್ರಕ್ರಿಯೆಯಾದ ರಾತ್ರಿ ಇಲಿಯನ್ನು ನೋಡುವವರು ಯಾರು?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಳೆ. ಮುರಿದ ಮೂಳೆ ಬೇಗ ಕೂಡಿಕೊಳ್ಳುವಂತೆ ಮಾಡುವ ಔಷಧಿಯೊಂದನ್ನು ಇಲಿಗಳ ಮೇಲೆ ಪರೀಕ್ಷಿಸುವುದು ಅವಳ ವಿಷಯ. ಇರುವೆ ಸಾಲಿಗೂ ನೀರು ಸುರಿಯಬೇಡ ಎಂದು ಹೇಳಿ ಬೆಳೆಸಿದ ಮಗು ಅದು. ಕೇಳಿದರೆ, "ಅಮ್ಮ, ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಟ್ಟಿದೆ" ಎನ್ನುತ್ತಾಳೆ. ಈ ಕಮಿಟಿಯಲ್ಲಿ ಇರುವವರು ಯಾರು? ಅವರೂ ವಿಜ್ಞಾನಿಗಳೇ ಆದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ ಆಗುವುದಿಲ್ಲವೇ? ಆ ಮೂಕಪ್ರಾಣಿಯ ಪರವಾಗಿ ಮಾತನಾಡುವವರು ಅಲ್ಲಿ ಒಬ್ಬರಾದರೂ ಇದ್ದಾರೆಯೇ?

ಓದುಗರೊಬ್ಬರು, ತಿಪಟೂರು

ಉತ್ತರ: ಇದ್ದಾರೆ, ಇರಲೇಬೇಕು ಎಂದು ನಿಯಮವಿದೆ. ಹಾಗೆಂದು ನಿಮ್ಮ ಅನುಮಾನವನ್ನು ತಳ್ಳಿಹಾಕಲಾರೆ. ನಾನು ಪಶುವೈದ್ಯ. ಪ್ರಯೋಗಾಲಯದ ಪ್ರಾಣಿಗಳ ಆರೈಕೆಯಲ್ಲೇ ನೌಕರಿ ಮುಗಿಸಿದವನು, ಇಂಥ ಸಮಿತಿಗಳ ಮೇಜಿನ ಸುತ್ತ ವರ್ಷಗಟ್ಟಲೆ ಕುಳಿತವನು. ಬೇಲಿ ಗಟ್ಟಿಯಾಗಿ ನಿಂತದ್ದನ್ನು ನೋಡಿದ್ದೇನೆ, ಬೇಲಿಯಲ್ಲಿ ಕಂಡಿ ಬಿದ್ದದ್ದನ್ನೂ ನೋಡಿದ್ದೇನೆ. ಎರಡನ್ನೂ ಹೇಳುತ್ತೇನೆ.

ಈ ಬೇಲಿಯನ್ನು ಹಾಕಿದವರು ವಿಜ್ಞಾನಿಗಳಲ್ಲ ಎಂಬುದು ನಿಮಗೆ ಮೊದಲು ಗೊತ್ತಾಗಬೇಕು. ರುಕ್ಮಿಣಿ ದೇವಿ ಅರುಂಡೇಲ್ ಎಂದರೆ ನಮಗೆ ಭರತನಾಟ್ಯವೂ ಕಲಾಕ್ಷೇತ್ರವೂ ನೆನಪಾಗುತ್ತವೆ. ರಾಜ್ಯಸಭೆಯ ಸದಸ್ಯೆಯಾಗಿದ್ದಾಗ ಪ್ರಾಣಿಹಿಂಸೆಯ ವಿರುದ್ಧ ಖಾಸಗಿ ಮಸೂದೆ ತಂದವರು ಅವರೇ. ಆ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ ಬಂತು. ಅದು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಜೀವ ಉಳಿಸುವುದಕ್ಕೆ, ನೋವು ತಗ್ಗಿಸುವುದಕ್ಕೆ, ಮನುಷ್ಯರ, ಪ್ರಾಣಿಗಳ ಅಥವಾ ಗಿಡಗಳ ರೋಗವನ್ನು ಎದುರಿಸುವುದಕ್ಕೆ ಮಾಡುವ ಪ್ರಯೋಗ ಅಪರಾಧವಲ್ಲ ಎಂದಿತು. ಅದರ ಬೆನ್ನಿಗೇ, ಇಂಥ ಪ್ರಯೋಗಗಳ ಮೇಲೆ ಕಣ್ಣಿಡಲು ಕೇಂದ್ರ ಸರ್ಕಾರ ಒಂದು ಸಮಿತಿಯನ್ನು ನೇಮಿಸಬಹುದು ಎಂದೂ ಹೇಳಿತು. ಕಾಯ್ದೆಯ 17ನೇ ಕಲಮನ್ನು ಇವತ್ತು ಓದಿದರೂ ನನಗೆ ಬೆರಗಾಗುತ್ತದೆ. ಶಸ್ತ್ರಕ್ರಿಯೆ ಇದ್ದರೆ ನೋವು ತಿಳಿಯದಷ್ಟು ಅರಿವಳಿಕೆ ಕೊಡಬೇಕು. ಅರಿವಳಿಕೆಯಲ್ಲಿರುವಾಗಲೇ ಪ್ರಾಣಿಗೆ ತೀವ್ರ ಪೆಟ್ಟಾಗಿ, ಎಚ್ಚರವಾದರೆ ನರಳಬೇಕಾದ ಸ್ಥಿತಿ ಬಂದರೆ, ಎಚ್ಚರವಾಗುವ ಮೊದಲೇ ಅದರ ಜೀವ ತೆಗೆಯಬೇಕು. ಚಿಕ್ಕ ಪ್ರಾಣಿಯಲ್ಲಿ ಆಗುವ ಕೆಲಸಕ್ಕೆ ದೊಡ್ಡ ಪ್ರಾಣಿಯನ್ನು ಬಳಸಬಾರದು. ಕೈ ಪಳಗಿಸಿಕೊಳ್ಳುವುದಕ್ಕೆಂದು ಪ್ರಾಣಿಯನ್ನು ಕೊಯ್ಯಬಾರದು. ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠ ಆಗುವುದಾದರೆ ತರಗತಿಗಳಲ್ಲಿ ಪ್ರಾಣಿ ಬೇಡ. ಈ ಕೊನೆಯ ಮಾತು ಜಾರಿಗೆ ಬರಲು ಎಷ್ಟು ಕಾಲ ಹಿಡಿಯಿತು ನೋಡಿ: ಪ್ರಾಣಿಶಾಸ್ತ್ರದ ಪದವಿ ತರಗತಿಗಳಲ್ಲಿ ಪ್ರಾಣಿಗಳನ್ನು ಸೀಳುವುದು ಬೇಡ ಎಂದು ಯುಜಿಸಿ ಆದೇಶಿಸಿದ್ದು 2014ರಲ್ಲಿ. ನನ್ನ ಓರಗೆಯವರೆಲ್ಲ ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಗುಂಡುಸೂಜಿಯಿಂದ ಚುಚ್ಚಿ ನಿಲ್ಲಿಸಿಯೇ ಜೀವಶಾಸ್ತ್ರ ಕಲಿತವರು.

1964ರಲ್ಲಿ ಕೇಂದ್ರ ಸಮಿತಿ ರಚನೆಯಾಯಿತು. ಆದರೂ ಅದಕ್ಕೆ ನಿಜವಾದ ಕೈಕಾಲು ಬಂದದ್ದು 1998ರ ನಿಯಮಗಳಿಂದ. ಪ್ರಯೋಗಕ್ಕೆ ಪ್ರಾಣಿ ಬಳಸುವ ಪ್ರತಿಯೊಂದು ಸಂಸ್ಥೆಯೂ ನೋಂದಣಿ ಮಾಡಿಸಬೇಕು, ಪ್ರತಿಯೊಂದರಲ್ಲೂ ಒಂದು ಸಾಂಸ್ಥಿಕ ಪ್ರಾಣಿ ನೀತಿ ಸಮಿತಿ ಇರಬೇಕು, ಪ್ರಾಣಿಗಳನ್ನು ನೋಂದಾಯಿತ ಸಾಕಣೆದಾರರಿಂದಲೇ ತರಬೇಕು ಎಂದಾಯಿತು. ಬೀದಿಯ ನಾಯಿಯನ್ನು ಹಿಡಿದು ತರುವಂತಿಲ್ಲ, ಸಂತೆಯಲ್ಲಿ ಮೊಲ ಕೊಳ್ಳುವಂತಿಲ್ಲ. ಮೊದಲು ಪರಿಸರ ಸಚಿವಾಲಯದ ಕೆಳಗಿದ್ದ ಕೇಂದ್ರ ಸಮಿತಿ ಈಗ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಕೆಳಗಿದೆ. ನಿಮ್ಮ ಮಗಳು ಹೇಳುವ "ಎಥಿಕ್ಸ್ ಕಮಿಟಿ" ಎಂದರೆ ಅವಳ ಸಂಸ್ಥೆಯೊಳಗಿನ ಸಮಿತಿ. ಪ್ರಯೋಗಾಲಯಗಳಲ್ಲಿ ಅದನ್ನು ಐಎಇಸಿ ಎಂದು ಕರೆಯುವುದು ರೂಢಿ.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆ ಇಲಿಯ ಬಗ್ಗೆ. ನಮ್ಮ ಕಾಯ್ದೆಯ ಪ್ರಕಾರ ಮನುಷ್ಯನ ಹೊರತಾಗಿ ಜೀವವಿರುವ ಯಾವುದೇ ಪ್ರಾಣಿ "ಪ್ರಾಣಿ"ಯೇ. ಅಮೆರಿಕದ ಪ್ರಾಣಿ ಕಲ್ಯಾಣ ಕಾಯ್ದೆಯಲ್ಲಿ, ಸಂಶೋಧನೆಗೆಂದೇ ಸಾಕಿದ ಇಲಿಗಳೂ ಹಕ್ಕಿಗಳೂ "ಪ್ರಾಣಿ" ಎಂಬ ಪದದ ಹೊರಗೇ ಉಳಿದಿವೆ. ಅಲ್ಲಿ ಸರ್ಕಾರದ ಹಣ ಪಡೆಯುವ ಸಂಸ್ಥೆಗಳಿಗೆ ಬೇರೆ ನಿಯಮ ಇದೆ ಎಂಬುದು ನಿಜ, ಆದರೂ ಕಾಯ್ದೆಯ ಮಾತಿನಲ್ಲಿ ಇಲಿಗೆ ಜಾಗವಿಲ್ಲ. ಪ್ರಯೋಗಾಲಯಗಳಲ್ಲಿ ಅತಿ ಹೆಚ್ಚು ಬಳಕೆಯಾಗುವ ಪ್ರಾಣಿಯೇ ಇಲಿ ಎಂಬುದನ್ನು ನೆನೆದಾಗ, ಆ ಒಂದು ವಿಷಯದಲ್ಲಿ ನಮ್ಮ ಕಾಯ್ದೆ ಬರೆದವರ ಬಗ್ಗೆ ನನಗೆ ಹೆಮ್ಮೆಯಿದೆ.

ಈಗ ಮೇಜಿನ ಸುತ್ತ ಕೂರುವವರು. ಒಟ್ಟು ಎಂಟು ಮಂದಿ. ಐವರು ಸಂಸ್ಥೆಯವರೇ: ಒಬ್ಬ ಜೀವವಿಜ್ಞಾನಿ, ಬೇರೆ ಬೇರೆ ಶಾಖೆಗಳ ಇಬ್ಬರು ವಿಜ್ಞಾನಿಗಳು, ಪ್ರಾಣಿಗೃಹದ ಉಸ್ತುವಾರಿ ವಿಜ್ಞಾನಿ, ಮತ್ತು ಪಶುವೈದ್ಯ. ಉಳಿದ ಮೂವರು ಹೊರಗಿನವರು, ಅವರನ್ನು ಕಳುಹಿಸುವುದು ಕೇಂದ್ರ ಸಮಿತಿ: ಕೇಂದ್ರ ಸಮಿತಿಯ ಪ್ರತಿನಿಧಿ, ಹೊರಗಿನ ಸಂಸ್ಥೆಯ ಒಬ್ಬ ವಿಜ್ಞಾನಿ, ಮತ್ತು ವಿಜ್ಞಾನಿಯಲ್ಲದ, ಸಾಮಾಜಿಕ ಕಾಳಜಿಯುಳ್ಳ ಒಬ್ಬ ಸದಸ್ಯ. ಕೇಂದ್ರದ ಪ್ರತಿನಿಧಿಯಾಗಲಿ ಅವರಿಗೆ ಬದಲಿಯಾಗಿ ನೇಮಕವಾದವರಾಗಲಿ ಇಲ್ಲದೆ ಸಭೆ ನಡೆಯುವಂತಿಲ್ಲ. ಸಂಸ್ಥೆಯ ನಿರ್ದೇಶಕರು ಎಷ್ಟೇ ಅವಸರಪಡಿಸಿದರೂ ಅಷ್ಟೇ. ನಾಯಿ, ಕೋತಿ, ಕುದುರೆಗಳಂಥ ದೊಡ್ಡ ಪ್ರಾಣಿಗಳ ಮೇಲಿನ ಪ್ರಯೋಗವಾದರೆ ಸಂಸ್ಥೆಯ ಸಮಿತಿ ಶಿಫಾರಸು ಮಾಡಬಹುದೇ ಹೊರತು ಒಪ್ಪಿಗೆ ಕೊಡುವಂತಿಲ್ಲ. ಅರ್ಜಿ ಕೇಂದ್ರ ಸಮಿತಿಗೇ ಹೋಗಬೇಕು.

ವಿಜ್ಞಾನಿಯಲ್ಲದ ಆ ಒಬ್ಬ ಸದಸ್ಯರನ್ನು ಹೊಸ ಸಂಶೋಧಕರು ಲಘುವಾಗಿ ಕಾಣುವುದುಂಟು. ನಾನಿದ್ದ ಒಂದು ಸಮಿತಿಯಲ್ಲಿ ಆ ಸ್ಥಾನದಲ್ಲಿದ್ದವರು ನಿವೃತ್ತ ಬ್ಯಾಂಕ್ ಅಧಿಕಾರಿಯಾಗಿದ್ದ ಮಹಿಳೆ. ಶಸ್ತ್ರಕ್ರಿಯೆಯ ಒಂದು ಅರ್ಜಿ ಬಂದಿತ್ತು. ಅರಿವಳಿಕೆಯ ಪ್ರಮಾಣ, ಹೊಲಿಗೆಯ ದಾರ, ರಕ್ತ ತೆಗೆಯುವ ವೇಳೆ ಎಲ್ಲವೂ ಅಚ್ಚುಕಟ್ಟಾಗಿತ್ತು, ನಾವೆಲ್ಲ ತಲೆಯಾಡಿಸಿದ್ದೆವು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು: "ಇಲಿ ರಾತ್ರಿ ಚಟುವಟಿಕೆಯಿಂದ ಇರುವ ಪ್ರಾಣಿ ಎಂದು ನೀವೇ ಬರೆದಿದ್ದೀರಿ. ಅದಕ್ಕೆ ನೋವಾದರೆ ಗೊತ್ತಾಗುವುದೂ ರಾತ್ರಿಯೇ. ನಿಮ್ಮ ಸಿಬ್ಬಂದಿ ಐದೂವರೆಗೆ ಮನೆಗೆ ಹೋಗುತ್ತಾರೆ. ಶಸ್ತ್ರಕ್ರಿಯೆ ಆದ ದಿನ ರಾತ್ರಿ ಅದನ್ನು ನೋಡುವವರು ಯಾರು?"

ಕೋಣೆಯಲ್ಲಿ ಉತ್ತರವಿರಲಿಲ್ಲ. ಪಶುವೈದ್ಯನಾದ ನಾನು ಕೇಳಬೇಕಿದ್ದ ಪ್ರಶ್ನೆ ಅದು. ಅರ್ಜಿಯನ್ನು ತಡೆಹಿಡಿದೆವು. ಎರಡು ವಾರದ ಮೇಲೆ ಅದು ಮರಳಿ ಬಂದಾಗ ಶಸ್ತ್ರಕ್ರಿಯೆಗಳು ಸೋಮವಾರ, ಮಂಗಳವಾರ ಬೆಳಗ್ಗೆಗೆ ಸರಿದಿದ್ದವು. ರಾತ್ರಿ ಹತ್ತಕ್ಕೂ ನಸುಕಿನ ಐದಕ್ಕೂ ಯಾರು ಬಂದು ನೋಡಬೇಕು, ಯಾವ ಲಕ್ಷಣ ಕಂಡರೆ ಯಾರಿಗೆ ಫೋನ್ ಮಾಡಬೇಕು ಎಂಬ ಪಾಳಿಪಟ್ಟಿಯೂ ಜೊತೆಗಿತ್ತು. ಸಮಿತಿಯ ಕೆಲಸವೆಂದರೆ ಹೌದು ಅಥವಾ ಇಲ್ಲ ಎನ್ನುವುದು ಎಂದು ಹೊರಗಿನವರು ಭಾವಿಸುತ್ತಾರೆ. ನಾನು ಕಂಡಂತೆ ಸಾರಾಸಗಟಾಗಿ ತಿರಸ್ಕರಿಸಿದ ಅರ್ಜಿಗಳು ಕಡಿಮೆ, ಹೀಗೆ ತಿದ್ದಿಸಿಕೊಂಡು ಹೋದವು ಬಹಳ. ಪ್ರಾಣಿಗೆ ಸಿಗುವ ನಿಜವಾದ ರಕ್ಷಣೆ ಈ ತಿದ್ದುಪಡಿಗಳಲ್ಲಿದೆ.

ಅರ್ಜಿಯನ್ನು "ಫಾರ್ಮ್ ಬಿ" ಎನ್ನುತ್ತಾರೆ. ಅದನ್ನು ಓದುವಾಗ ನಮ್ಮ ತಲೆಯಲ್ಲಿರುವುದು ರಸೆಲ್ ಮತ್ತು ಬರ್ಚ್ ಎಂಬ ಇಬ್ಬರು ಇಂಗ್ಲಿಷ್ ವಿಜ್ಞಾನಿಗಳು 1959ರಲ್ಲಿ ಮುಂದಿಟ್ಟ ಮೂರು ಪ್ರಶ್ನೆಗಳು. ಪ್ರಾಣಿಯೇ ಇಲ್ಲದೆ ಈ ಕೆಲಸ ಮಾಡಬಹುದೇ? ಇನ್ನೂ ಕಡಿಮೆ ಪ್ರಾಣಿಗಳಲ್ಲಿ ಆಗುತ್ತದೆಯೇ? ಬಳಸುವ ಪ್ರಾಣಿಯ ಸಂಕಟವನ್ನು ಇನ್ನಷ್ಟು ತಗ್ಗಿಸಬಹುದೇ? ನಮ್ಮ ದೇಶದಲ್ಲಿ ಇದಕ್ಕೆ ನಾಲ್ಕನೆಯದೂ ಸೇರಿದೆ: ಪ್ರಯೋಗ ಮುಗಿದ ಮೇಲೆ ಬದುಕಿರುವ ದೊಡ್ಡ ಪ್ರಾಣಿಗಳಿಗೆ ಪುನರ್ವಸತಿ. ಅದರ ಖರ್ಚನ್ನು ಯೋಜನೆಯ ವೆಚ್ಚದಲ್ಲೇ ತೋರಿಸಬೇಕು.

ಮೊದಲನೆಯ ಪ್ರಶ್ನೆಗೆ ನಿಮಗೂ ಪರಿಚಯವಿರುವ ಒಂದು ಉದಾಹರಣೆ ಕೊಡುತ್ತೇನೆ. ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಮಕ್ಕಳನ್ನು ಹೆದರಿಸುವ ಮಾತಾಗಿತ್ತು. ಆ ಲಸಿಕೆಯ ಮೂಲ, 1911ರಲ್ಲಿ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ವಿಧಾನ. ಕುರಿಯ ಮಿದುಳಿಗೆ ರೇಬೀಸ್ ವೈರಾಣುವನ್ನು ಸೇರಿಸಿ, ರೋಗ ಬಂದ ಮೇಲೆ ಆ ಮಿದುಳನ್ನೇ ತೆಗೆದು ಲಸಿಕೆ ಮಾಡುತ್ತಿದ್ದರು. ಕುರಿಗೂ ಯಾತನೆ, ಮಿದುಳಿನ ಅಂಶ ಮೈಗೆ ಸೇರುವುದರಿಂದ ಕೆಲವು ರೋಗಿಗಳಿಗೆ ನರಗಳ ತೊಂದರೆಯ ಅಪಾಯ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಲಸಿಕೆ ತಯಾರಿಸುವುದು ಸಾಧ್ಯವಾದ ಮೇಲೂ ಹಳೆಯದು ನಮ್ಮಲ್ಲಿ ಬಹುಕಾಲ ಮುಂದುವರಿದು, 2004ರ ಕೊನೆಗೆ ನಿಂತಿತು. ಈಗ ತೋಳಿಗೆ ಕೆಲವೇ ಇಂಜೆಕ್ಷನ್. ಕುರಿ ಉಳಿಯಿತು, ಮನುಷ್ಯನಿಗೂ ಒಳ್ಳೆಯ ಲಸಿಕೆ ಸಿಕ್ಕಿತು. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲಿ ನಿಷೇಧಿಸಲಾಯಿತು. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಪ್ರಾಣಿಯೇತರ ವಿಧಾನಗಳಿಗೂ ಜಾಗ ಮಾಡಿಕೊಡುವ ತಿದ್ದುಪಡಿ 2023ರಲ್ಲಿ ಬಂದಿದೆ.

ಆದರೆ ಎಲ್ಲ ಕಡೆಯೂ ಬದಲಿ ದಾರಿ ಸಿಕ್ಕಿಲ್ಲ. ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ ಇವತ್ತಿಗೂ ಕುದುರೆಯ ರಕ್ತದಿಂದಲೇ ಬರಬೇಕು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲಗಳ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟು, ಕುದುರೆಯ ಮೈಯಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಅದು ಸರಿಯಾಗಿ ಕೆಲಸ ಮಾಡುತ್ತದೆಯೇ ಎಂದು ಇಲಿಗಳಲ್ಲಿ ಪರೀಕ್ಷಿಸುತ್ತಾರೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಗದ್ದೆ ತೋಟಗಳಲ್ಲಿ ಬರಿಗಾಲಲ್ಲಿ ದುಡಿಯುವ ನಮ್ಮವರಿಗೆ ಆ ಔಷಧಿ ಬೇಕೇ ಬೇಕು. ಆಗ ಉಳಿಯುವ ಪ್ರಶ್ನೆ ಕುದುರೆಯನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂಬುದು. ಎಷ್ಟು ರಕ್ತ, ಎಷ್ಟು ದಿನಕ್ಕೊಮ್ಮೆ, ನಡುವೆ ಎಷ್ಟು ವಿಶ್ರಾಂತಿ, ಚುಚ್ಚಿದ ಜಾಗದಲ್ಲಿ ಬಾವು ಎದ್ದರೆ ಏನು ಮಾಡುತ್ತೀರಿ, ದಣಿದ ಕುದುರೆಯನ್ನು ಯಾವಾಗ ಬಿಡುಗಡೆ ಮಾಡುತ್ತೀರಿ, ಬಿಟ್ಟ ಮೇಲೆ ಅದು ಎಲ್ಲಿರುತ್ತದೆ?

ಎರಡನೆಯ ಪ್ರಶ್ನೆ ಸಂಖ್ಯೆಯದು. ಇದರಲ್ಲಿ ನಿಮಗೆ ವಿಚಿತ್ರವೆನಿಸುವ ಮಾತೊಂದಿದೆ: ಕೆಲವೊಮ್ಮೆ ಸಮಿತಿಯೇ ಇಲಿಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆ. ಒಬ್ಬ ವಿದ್ಯಾರ್ಥಿ ನಾಲ್ಕು ಗುಂಪು, ಗುಂಪಿಗೆ ಐದು, ಒಟ್ಟು 20 ಇಲಿ ಎಂದು ಬರೆದಿದ್ದ. ಕಡಿಮೆ ಕೇಳಿದರೆ ಸಮಿತಿ ಮೆಚ್ಚುತ್ತದೆ ಎಂದು ಅವನ ಎಣಿಕೆ. ಸಂಖ್ಯಾಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದರು. ಅವನು ಹುಡುಕುತ್ತಿದ್ದ ವ್ಯತ್ಯಾಸ ಐದೈದರಲ್ಲಿ ಕಾಣಿಸುವಂಥದ್ದಲ್ಲ, ಗುಂಪಿಗೆ ಒಂಬತ್ತು ಬೇಕು. ಇಪ್ಪತ್ತರಲ್ಲೇ ಮುಗಿಸಿದ್ದರೆ ಉತ್ತರ ಸಿಗದೆ ಇಪ್ಪತ್ತೂ ಜೀವ ವ್ಯರ್ಥವಾಗುತ್ತಿತ್ತು. ನಾವು 36ಕ್ಕೆ ಒಪ್ಪಿದೆವು. ಅದೇ ಸಭೆಯಲ್ಲಿ, ಒಂದೇ ಪ್ರಯೋಗಾಲಯದ ಮೂರು ಅರ್ಜಿಗಳು ತಲಾ ಒಂದೊಂದು ಔಷಧಿಯಿಲ್ಲದ ಹೋಲಿಕೆ ಗುಂಪನ್ನು ಕೇಳಿದ್ದವು. ಮೂರನ್ನೂ ಒಟ್ಟಿಗೆ ನಡೆಸಿ ಒಂದೇ ಹೋಲಿಕೆ ಗುಂಪು ಇಟ್ಟುಕೊಳ್ಳಿ ಎಂದೆವು, ಎರಡು ಗುಂಪಿನ ಇಲಿಗಳು ಉಳಿದವು. "ಹಿಂದಿನವರು ಆರು ಬಳಸಿದ್ದರು, ನಾವೂ ಆರು" ಎಂಬ ಸಮರ್ಥನೆಯನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಜೀವದ ಲೆಕ್ಕವನ್ನು ರೂಢಿಗೆ ಬಿಡಬಾರದು.

ಹಳೆಯ ವಿಷಪರೀಕ್ಷೆಯೊಂದಿತ್ತು. ಕೊಟ್ಟ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯುವ ಪ್ರಮಾಣ ಯಾವುದು ಎಂದು ಹುಡುಕುವುದು. 1927ರಿಂದ ನಡೆದುಬಂದ ಕ್ರಮ. ಅಂತರರಾಷ್ಟ್ರೀಯ ಮಾರ್ಗಸೂಚಿಗಳಿಂದ ಅದರ ಹಳೆಯ ರೂಪವನ್ನು 2002ರಲ್ಲಿ ತೆಗೆದುಹಾಕಿದರು. ಅದರ ಬದಲು ಬಂದ ವಿಧಾನಗಳಲ್ಲಿ ಒಂದು, ಹಂತಕ್ಕೆ ಮೂರೇ ಪ್ರಾಣಿಯಂತೆ ಮುಂದೆ ಹೋಗುತ್ತದೆ. ಹೊಸದು ಬಂದು ವರ್ಷಗಳಾದ ಮೇಲೂ ಹಳೆಯ ವಿಧಾನವನ್ನೇ ನಕಲು ಮಾಡಿದ ಅರ್ಜಿಗಳು ಬರುತ್ತಿದ್ದವು, ಅಂಥವನ್ನು ನಾವು ಮರಳಿಸುತ್ತಿದ್ದೆವು.

ಇನ್ನು ನೋವು. ನಿಮ್ಮ ಮಗಳ ವಿಷಯ ಮೂಳೆಯಾದ್ದರಿಂದ ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಇಲಿ ಬೇಟೆಗೆ ಬಲಿಯಾಗುವ ಪ್ರಾಣಿ. ನೋವಿದೆ ಎಂದು ತೋರಿಸಿಕೊಂಡರೆ ಹದ್ದಿಗೋ ಬೆಕ್ಕಿಗೋ ಮೊದಲು ಸಿಗುವುದು ಅದೇ, ಹಾಗಾಗಿ ಅದು ನೋವನ್ನು ಮುಚ್ಚಿಡುತ್ತದೆ. ಬಾಗಿಲು ತೆರೆದು ದೀಪ ಹಾಕಿದ ಕೂಡಲೇ ಸುಮ್ಮನೆ ಕುಳಿತುಬಿಡುತ್ತದೆ, ಹೊಸಬರು "ಎಲ್ಲ ಚೆನ್ನಾಗಿದೆ" ಎಂದು ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ. ಆದರೆ ಮುಖ ಹೇಳುತ್ತದೆ. 2010ರಲ್ಲಿ ಕೆನಡಾದ ವಿಜ್ಞಾನಿಗಳು ಇಲಿಯ ಮುಖಚಹರೆಯಿಂದ ನೋವನ್ನು ಅಳೆಯುವ ಪಟ್ಟಿಯೊಂದನ್ನು ಪ್ರಕಟಿಸಿದರು. ಕಣ್ಣು ಎಷ್ಟು ಕಿರಿದಾಗಿದೆ, ಮೂಗಿನ ಮೇಲೆ ಉಬ್ಬು ಬಂದಿದೆಯೇ, ಕೆನ್ನೆ ಊದಿದಂತಿದೆಯೇ, ಕಿವಿ ಹಿಂದಕ್ಕೆ ವಾಲಿದೆಯೇ, ಮೀಸೆ ಬಿಗಿದು ನಿಂತಿದೆಯೇ. ಪ್ರತಿಯೊಂದಕ್ಕೂ ಸೊನ್ನೆ, ಒಂದು, ಎರಡು ಎಂದು ಅಂಕ. ಕಲಿಯಲು ಕಷ್ಟವೇನಿಲ್ಲ, ಕಲಿತ ಮೇಲೆ ಪಂಜರದ ಮುಂದೆ ನಿಂತರೆ ಅದೇ ಇಲಿ ಬೇರೆಯಾಗಿ ಕಾಣುತ್ತದೆ.

ಪಟ್ಟಿ ಬರುವ ಎಷ್ಟೋ ಮೊದಲೇ ಇದನ್ನು ಬಲ್ಲವರು ಪ್ರಾಣಿಗೃಹದ ಆರೈಕೆ ಸಿಬ್ಬಂದಿ. ನಾನು ಕೆಲಸ ಕಲಿತದ್ದು ಅವರಲ್ಲೊಬ್ಬರಿಂದ. ಓದಿದ್ದು ಏಳನೇ ತರಗತಿ. ಒಂದು ಬೆಳಗ್ಗೆ ಅವರು, "ಮೂರನೇ ಸಾಲಿನ ಆ ಪಂಜರದ್ದು ನಿನ್ನೆಯಿಂದ ಗೂಡು ಕಟ್ಟಿಲ್ಲ, ಒಮ್ಮೆ ನೋಡಿ ಸಾರ್" ಎಂದರು. ಆರೋಗ್ಯವಾಗಿರುವ ಇಲಿ ಕೊಟ್ಟ ಕಾಗದದ ಚೂರುಗಳನ್ನು ಹರಿದು ಮೂಲೆಯಲ್ಲಿ ಬಟ್ಟಲಿನಂಥ ಗೂಡು ಮಾಡುತ್ತದೆ. ಇದರ ಕಾಗದ ಹಾಕಿದ ಹಾಗೇ ಬಿದ್ದಿತ್ತು. ಎತ್ತಿ ನೋಡಿದರೆ ಹೊಟ್ಟೆಯ ಹೊಲಿಗೆಯ ಕೆಳಗೆ ಕೀವು ಕಟ್ಟಲು ಶುರುವಾಗಿತ್ತು. ತೂಕದ ಪಟ್ಟಿಯಲ್ಲಿ ಇನ್ನೂ ಏನೂ ಕಂಡಿರಲಿಲ್ಲ.

ಅರ್ಜಿಗಳಲ್ಲಿ ನೋವಿನ ವಿಷಯ ಬಂದಾಗ ಸಂಶೋಧಕರು ಕೆಲವೊಮ್ಮೆ, "ನೋವು ನಿವಾರಕ ಕೊಟ್ಟರೆ ಫಲಿತಾಂಶ ಕೆಡುತ್ತದೆ, ಕೊಡುವುದಿಲ್ಲ" ಎಂದು ಬರೆಯುತ್ತಾರೆ. ಮೂಳೆಯ ಕೆಲಸದಲ್ಲಿ ಈ ವಾದಕ್ಕೆ ಸ್ವಲ್ಪ ಆಧಾರವೂ ಇದೆ. ಐಬುಪ್ರೊಫೆನ್ ಗುಂಪಿನ ಮಾತ್ರೆಗಳು ಮೂಳೆ ಕೂಡುವುದನ್ನು ನಿಧಾನ ಮಾಡಬಹುದು ಎಂಬ ಶಂಕೆ ಇದೆ. ಆದರೆ ನೋವು ನಿವಾರಕ ಒಂದೇ ಗುಂಪಿನದ್ದಲ್ಲ. ಬುಪ್ರೆನಾರ್ಫಿನ್ ಎಂಬ ಔಷಧಿ ಬೇರೆ ದಾರಿಯಿಂದ ಕೆಲಸ ಮಾಡುತ್ತದೆ, ಇಲಿಗಳಲ್ಲಿ ಅದರ ಬಳಕೆ ಚೆನ್ನಾಗಿ ಪಳಗಿದೆ. ಮಾದಕವಸ್ತು ಕಾಯ್ದೆಯ ಕೆಳಗೆ ಬರುವುದರಿಂದ ತರಿಸಲು ಕಾಗದಪತ್ರದ ಓಡಾಟ ಹೆಚ್ಚು, ಅದಕ್ಕೇ ಕೆಲವರು ಹಿಂಜರಿಯುತ್ತಾರೆ. ಓಡಾಟ ತಪ್ಪಿಸಲು ಪ್ರಾಣಿ ನೋವು ತಿನ್ನಬೇಕೇ? ಮೂಳೆ ಮುರಿದ ಇಲಿಗೆ ಮೊದಲ ಎರಡು ಮೂರು ದಿನ ನೋವು ನಿವಾರಕವಿಲ್ಲದ ಅರ್ಜಿಗೆ ನಾನು ಸಹಿ ಹಾಕಿದ್ದಿಲ್ಲ. ಕುಡಿಯುವ ನೀರಿನಲ್ಲಿ ಔಷಧಿ ಬೆರೆಸುತ್ತೇವೆ ಎಂದರೂ ಸಾಲದು. ನೋವಿರುವ ಇಲಿ ನೀರನ್ನೇ ಕುಡಿಯುವುದಿಲ್ಲ. ಹಾಗೆಯೇ, ಸ್ನಾಯುಗಳನ್ನು ಚಲಿಸದಂತೆ ಮಾಡುವ ಔಷಧಿ ಅರ್ಜಿಯಲ್ಲಿ ಕಂಡರೆ ಅರಿವಳಿಕೆಯ ಸಾಲನ್ನು ಎರಡು ಸಲ ಓದುತ್ತೇವೆ, ಏಕೆಂದರೆ ಅರಿವಳಿಕೆ ಸಾಲದೆ ಅದನ್ನು ಕೊಟ್ಟರೆ ಪ್ರಾಣಿಗೆ ಎಲ್ಲ ನೋವೂ ತಿಳಿಯುತ್ತದೆ, ಮಿಸುಕಲು ಮಾತ್ರ ಆಗುವುದಿಲ್ಲ.

ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನೂ ಮೊದಲೇ ಬರೆಸಿಕೊಳ್ಳುತ್ತೇವೆ. ತೂಕ ಶೇ. 20ರಷ್ಟು ಇಳಿದರೆ, ಗಡ್ಡೆ ಇಷ್ಟು ದೊಡ್ಡದಾದರೆ, ನಡೆಯಲಾಗದೆ ಮೇವು ನೀರಿನ ಬಳಿ ಹೋಗಲಾರದಂತಾದರೆ, ಪ್ರಯೋಗ ಮುಗಿಯಲಿ ಬಿಡಲಿ, ಆ ಪ್ರಾಣಿಗೆ ನೋವಿಲ್ಲದ ದಯಾಮರಣ. ನಿರ್ಧಾರವನ್ನು ಆ ಘಳಿಗೆಗೆ ಬಿಟ್ಟರೆ, ಇನ್ನೊಂದೇ ದಿನ ತಡೆಯಿರಿ, ಇನ್ನೊಂದು ಅಳತೆ ಸಿಗುತ್ತದೆ ಎಂದು ಮನಸ್ಸು ಹೇಳುತ್ತದೆ. ಒಳ್ಳೆಯ ಮನಸ್ಸುಗಳೂ ಹಾಗೆ ಹೇಳುವುದನ್ನು ಕೇಳಿದ್ದೇನೆ.

ಈಗ ಕಂಡಿಗಳ ಮಾತು. ಕಾಯ್ದೆಯಲ್ಲಿ ಸಮಿತಿಯ ಆದೇಶ ಮೀರಿದರೆ ವಿಧಿಸಬಹುದಾದ ದಂಡ ಗರಿಷ್ಠ 200 ರೂಪಾಯಿ. 1960ರಲ್ಲಿ ಅದಕ್ಕೆ ಏನಾದರೂ ತೂಕವಿತ್ತು, ಇವತ್ತು ಅದು ಹೋಟೆಲಿನಲ್ಲಿ ಇಬ್ಬರ ತಿಂಡಿಯ ದುಡ್ಡು. ಸಂಸ್ಥೆಗಳನ್ನು ಹೆದರಿಸುವುದು ದಂಡವಲ್ಲ, ಪ್ರಯೋಗ ನಡೆಸದಂತೆ ತಡೆಯುವ ಅಧಿಕಾರ. ಅದು ಕೇಂದ್ರ ಸಮಿತಿಗಿದೆ. ಜೊತೆಗೆ, ಸಮಿತಿಯ ಒಪ್ಪಿಗೆ ಸಂಖ್ಯೆ ಇಲ್ಲದೆ ಪ್ರಬಂಧವನ್ನು ಒಳ್ಳೆಯ ಪತ್ರಿಕೆಗಳು ಪ್ರಕಟಿಸುವುದಿಲ್ಲ ಎಂಬ ಭಯವೂ ಇದೆ.

ಇದಕ್ಕಿಂತ ದೊಡ್ಡ ಕಂಡಿ ಒಪ್ಪಿಗೆ ಕೊಟ್ಟ ಮರುದಿನದಿಂದ ಶುರುವಾಗುತ್ತದೆ. ಅರ್ಜಿ ಪರಿಶೀಲಿಸಲು ಎಂಟು ಜನ ಕೂರುತ್ತಾರೆ. ಬರೆದ ಹಾಗೆ ನಡೆಯುತ್ತಿದೆಯೇ ಎಂದು ನೋಡಲು ಎಷ್ಟು ಜನ ಹೋಗುತ್ತಾರೆ? ಪ್ರಾಣಿಗೃಹದ ತಪಾಸಣೆ ವರ್ಷಕ್ಕೊಮ್ಮೆಯಾದರೂ ಆಗಬೇಕು, ಆಗುತ್ತದೆ. ಆ ದಿನ ನೆಲ ಹೊಳೆಯುತ್ತಿರುತ್ತದೆ, ಹಾಸಿಗೆ ಹಾಕಿದ ಭತ್ತದ ಹೊಟ್ಟು ಹೊಸದಾಗಿರುತ್ತದೆ. ನಾನು ನೆಲ ನೋಡುವುದನ್ನು ಬಿಟ್ಟು ದಾಖಲೆ ಪುಸ್ತಕ ನೋಡುವುದನ್ನು ರೂಢಿ ಮಾಡಿಕೊಂಡೆ. ಒಂದು ಸಂಸ್ಥೆಯಲ್ಲಿ ಕೋಣೆಯ ಉಷ್ಣಾಂಶದ ಪುಟ ತೆರೆದೆ. 18ರಿಂದ 29 ಡಿಗ್ರಿ ಒಳಗಿರಬೇಕು ಎಂಬುದು ಮಾರ್ಗಸೂಚಿ. ಏಪ್ರಿಲ್ ತಿಂಗಳಿಡೀ ಒಂದೇ ಪೆನ್ನಿನಲ್ಲಿ, ಒಂದೇ ಓರೆಯ ಅಕ್ಷರದಲ್ಲಿ 24, 24, 24, 24. ಬರೆದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಾಗ ತಲೆ ತಗ್ಗಿಸಿ ಹೇಳಿದರು: ವಾರಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ತುಂಬುತ್ತಿದ್ದರು, ಹಾಗೆ ಮಾಡು ಎಂದು ಮೇಲಿನವರು ಹೇಳಿದ್ದರು. ಒಂದು ಶನಿವಾರ ರಾತ್ರಿ ಎ.ಸಿ. ನಿಂತು ಭಾನುವಾರ ಇಡೀ ಕೋಣೆ ಕಾದಿತ್ತು, ಅದು ಪುಸ್ತಕದಲ್ಲಿ ಇರಲಿಲ್ಲ. ಆ ನೌಕರರಿಗೆ ಶಿಕ್ಷೆಯಾಗದಂತೆ ನೋಡಿಕೊಂಡೆವು, ಏಕೆಂದರೆ ನಿಜ ಹೇಳಿದವರು ಅವರೊಬ್ಬರೇ. ತಾನಾಗಿಯೇ ಉಷ್ಣಾಂಶ ದಾಖಲಿಸಿ, ಮಿತಿ ಮೀರಿದರೆ ಫೋನಿಗೆ ಸಂದೇಶ ಕಳುಹಿಸುವ ಸಾಧನ ಹಾಕಿಸುವವರೆಗೆ, ರಜಾದಿನಗಳಿಗೆ ಒಬ್ಬರನ್ನು ನೇಮಿಸುವವರೆಗೆ ಹೊಸ ಯೋಜನೆಗಳಿಗೆ ಒಪ್ಪಿಗೆ ಇಲ್ಲ ಎಂದು ನಡಾವಳಿಯಲ್ಲಿ ಬರೆಸಿದೆವು. ಒಂದು ತಿಂಗಳೊಳಗೆ ಎರಡೂ ಆದವು.

ಹೊರಗಿನ ಸದಸ್ಯರ ವಿಷಯದಲ್ಲೂ ತೊಡಕಿದೆ. ಇವತ್ತು ನಮ್ಮ ಸಮಿತಿಗೆ ಬರುವ ವಿಜ್ಞಾನಿಯ ಅರ್ಜಿ ನಾಳೆ ಇನ್ನೊಂದು ಸಮಿತಿಯಲ್ಲಿ ನಮ್ಮವರ ಮುಂದೆ ಬರಬಹುದು. ದಾಕ್ಷಿಣ್ಯ ಬಹಳ ಕೆಲಸ ಮಾಡುತ್ತದೆ. ನೀವು ಹೇಳಿದ ಬೇಲಿಯ ಗಾದೆ ನಿಜವಾಗುವುದಾದರೆ ದುರುದ್ದೇಶದಿಂದಲ್ಲ, ಈ ದಾಕ್ಷಿಣ್ಯದಿಂದ. ಅದಕ್ಕೆ ನನಗೆ ಗೊತ್ತಿರುವ ಮದ್ದು ಎರಡೇ: ವಿಜ್ಞಾನಿಯಲ್ಲದ ಸದಸ್ಯರಿಗೆ ಕಾಗದಗಳನ್ನು ಹತ್ತು ದಿನ ಮೊದಲೇ ತಲುಪಿಸುವುದು, ಮತ್ತು ಸಭೆಯಲ್ಲಿ ಮೊದಲು ಮಾತನಾಡುವ ಅವಕಾಶವನ್ನು ಅವರಿಗೇ ಕೊಡುವುದು. ಕೊನೆಗೆ ಕೇಳಿದರೆ, ದೊಡ್ಡವರೆಲ್ಲ ಹೇಳಿದ ಮೇಲೆ ನನ್ನದೇನು ಎಂದು ಸುಮ್ಮನಾಗುತ್ತಾರೆ.

ನಿಮ್ಮ ಮಗಳ ಬಗ್ಗೆ. ಇರುವೆಗೂ ನೋವು ಮಾಡಬೇಡ ಎಂದು ಬೆಳೆದವಳು ಈ ಕೆಲಸಕ್ಕೆ ಹೋದದ್ದು ನಿಮಗೆ ಸಂಕಟವಾಗಿರಬಹುದು. ನಾನು ಸಮಿತಿಯಲ್ಲಿದ್ದಾಗ ಹುಡುಕುತ್ತಿದ್ದುದು ಅಂಥವರನ್ನೇ. ಇಲಿಯನ್ನು ಹಿಡಿಯುವಾಗ ಕೈ ನಡುಗುವ ವಿದ್ಯಾರ್ಥಿಗೆ ತರಬೇತಿ ಕೊಡಬಹುದು. ಏನೂ ಅನಿಸದವರಿಗೆ ಏನು ಕಲಿಸಲಿ? ತರಬೇತಿ ಇಲ್ಲದೆ ಶಸ್ತ್ರಕ್ರಿಯೆ ಮಾಡು ಎಂದು ಯಾರಾದರೂ ಹೇಳಿದರೆ ಅವಳು ಒಲ್ಲೆ ಎನ್ನಬಹುದು. ಒಪ್ಪಿಗೆಯಲ್ಲಿ ಇಲ್ಲದ್ದನ್ನು ಮಾಡು ಎಂದರೆ ಸಮಿತಿಗೆ ಬರೆಯಬಹುದು. ರಾತ್ರಿ ಎರಡು ಗಂಟೆಗೆ ಅನುಮಾನ ಬಂದರೂ ಪಶುವೈದ್ಯರಿಗೆ ಫೋನ್ ಮಾಡಬಹುದು. ಅಂಥ ಕರೆಗೆ ಬೈದ ಪಶುವೈದ್ಯರನ್ನು ನಾನು ಕಂಡಿಲ್ಲ.

ಅವಳು ಊರಿಗೆ ಬಂದಾಗ ಕಮಿಟಿಯ ಬಗ್ಗೆ ಕೇಳಬೇಡಿ, ಇಲಿಯನ್ನು ಪಂಜರದಿಂದ ಹೇಗೆ ಎತ್ತುತ್ತೀಯೆ ಎಂದು ಕೇಳಿ. ಬಾಲ ಹಿಡಿದು ಎತ್ತುವುದು ನಾವೆಲ್ಲ ಕಲಿತ ಹಳೆಯ ಪದ್ಧತಿ. ಹಾಗೆ ಎತ್ತಿದ ಇಲಿ ಹೆದರಿಕೆಯಲ್ಲೇ ಬದುಕುತ್ತದೆ ಎಂದು ಇಂಗ್ಲೆಂಡಿನ ಲಿವರ್‌ಪೂಲ್‌ನ ಸಂಶೋಧಕರು 2010ರಲ್ಲಿ ತೋರಿಸಿದರು. ಪಂಜರದಲ್ಲೊಂದು ಪ್ಲಾಸ್ಟಿಕ್ ಕೊಳವೆ ಇಟ್ಟು, ಇಲಿ ತಾನಾಗಿ ಅದರೊಳಗೆ ಹೋದ ಮೇಲೆ ಕೊಳವೆಯನ್ನೇ ಎತ್ತಬಹುದು, ಅಥವಾ ಎರಡು ಅಂಗೈ ಸೇರಿಸಿ ನೀರು ಮೊಗೆಯುವಂತೆ ಮೊಗೆದು ಎತ್ತಬಹುದು. ಹೀಗೆ ಎತ್ತಿದ ಇಲಿ ಕೆಲವು ದಿನಗಳಲ್ಲಿ ತಾನೇ ಕೈಯ ಬಳಿಗೆ ಬಂದು ಮೂಸುತ್ತದೆ. ಅಂಗೈ ಸೇರಿಸಿ ತೋರಿಸಿದರೆ ನಿಮ್ಮ ಮಗಳಿಗೆ ಸರಿಯಾಗಿ ಕಲಿಸಿದ್ದಾರೆ. ಬಾಲ ಎಂದರೆ, ನಾಳೆಯಿಂದ ಕೊಳವೆ ಇಡು ಎಂದು ನೀವೇ ಹೇಳಿ. ಅದಕ್ಕೆ ಯಾವ ಸಮಿತಿಯ ಒಪ್ಪಿಗೆಯೂ ಬೇಡ.